ರೋಗಕ್ಕೆ ಹೆಸರಿಡಿ, ಮನುಷ್ಯರ ಹೆಸರು ಕಿತ್ತುಕೊಳ್ಳಬೇಡಿ

ಒಂದು ಚೀಟಿ. ಅಂಗೈ ಅಗಲದ್ದು. ಮಾತ್ರೆಗಳ ಪಟ್ಟಿಯ ಮೇಲುಗಡೆ ಇಂಗ್ಲಿಷಿನ ಒಂದು ಪದ. 1996ರ ಒಂದು ಸಂಜೆ ಕೆ.ಆರ್.ಪೇಟೆ ಸೀಮೆಯ ಹಳ್ಳಿಯೊಂದರ ಅರಳಿಕಟ್ಟೆಯ ಮೇಲೆ ಅದು ಕೈಯಿಂದ ಕೈಗೆ ಹೋಯಿತು. ಮುಚ್ಚಿಡಬಾರದು ಅಂತ ನಮ್ಮಪ್ಪನೇ ಜೇಬಿನಿಂದ ತೆಗೆದುಕೊಟ್ಟಿದ್ದ. ಕಟ್ಟೆಯ ಮೇಲೆ ಕೂತಿದ್ದ ಯಜಮಾನರಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಓದಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ‘ಡಾಕ್ಟ್ರೇ ಬರ್ದುಕೊಟ್ಟವ್ರೆ, ಇನ್ನೇನ್ ಸಾಕ್ಷಿ ಬೇಕು?’ ಅಂದರು ಗಂಡಿನ ಕಡೆಯವರು. ನಮ್ಮವ್ವ ಸೆರಗೊಡ್ಡಿ ನಿಂತು ಹೇಳಿದಳು: ‘ಬಾಣಂತಿ ಸನ್ನಿ ಕಣ್ರಪ್ಪ. ವಾಸಿಯಾಯ್ತದೆ. ನಮ್ಮವ್ವಂಗೂ ಆಗಿತ್ತು.’ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನನ್ನು ಗಂಡನ ಮನೆಗೆ ಬಿಡಲು ಹೋದವರು ಅವಳನ್ನೂ ಅವಳ ಮಡಿಲಲ್ಲಿದ್ದ ಮೂರು ತಿಂಗಳ ಹೆಣ್ಣು ಕೂಸನ್ನೂ ಕರೆದುಕೊಂಡು ಅದೇ ರಾತ್ರಿ ನಾಗಮಂಗಲದ ಬಸ್ಸು ಹತ್ತಿದೆವು. ನಾಲ್ಕು ವರ್ಷದ ದೊಡ್ಡ ಮಗಳು ಆ ಮನೆಯ ಬಾಗಿಲಲ್ಲೇ ಉಳಿದಳು.

ಆವತ್ತಿನ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ. ಆರುವುದೂ ಬೇಡ.

ಬಾಣಂತಿ ಸನ್ನಿ ಅಂದರೇನು? ಹೆರಿಗೆಯಾದ ಸಾವಿರ ಹೆಂಗಸರಲ್ಲಿ ಒಬ್ಬಿಬ್ಬರಿಗೆ ಬರುವ ಮನಸ್ಸಿನ ಕಾಯಿಲೆ. ಬಹುಪಾಲು ಹೆರಿಗೆಯ ಮೊದಲ ಎರಡು ವಾರಗಳಲ್ಲೇ ಎರಗುತ್ತದೆ. ನಿದ್ದೆ ಹಾರಿಹೋಗುತ್ತದೆ. ಯಾರೂ ಇಲ್ಲದ ಕಡೆ ದನಿ ಕೇಳುತ್ತದೆ. ‘ಇದು ನನ್ನ ಮಗುವಲ್ಲ, ಬದಲಾಯಿಸಿದ್ದಾರೆ’ ಅನ್ನಿಸುತ್ತದೆ. ಒಂದು ಗಳಿಗೆ ನಗು, ಮರುಗಳಿಗೆ ಅಳು. ತಾಯಿಗೂ ಕೂಸಿಗೂ ಅಪಾಯ ಇರುವುದರಿಂದ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಸರಿಯಾದ ಔಷಧಿ, ನಿದ್ದೆ, ಮನೆಯವರ ಆಸರೆ ಸಿಕ್ಕರೆ ಹೆಚ್ಚಿನವರು ಕೆಲವು ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳುಗಳಲ್ಲಿ ಮೊದಲಿನಂತಾಗುತ್ತಾರೆ. ಮುಂದಿನ ಹೆರಿಗೆಯಲ್ಲಿ ಮರುಕಳಿಸಬಹುದು, ಅದಕ್ಕೆ ಎಚ್ಚರ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಕೂಸಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿಕೊಳ್ಳುವ ವಿಭಾಗವೇ ಇದೆ.

ನಮ್ಮವ್ವನಿಗೆ ಈ ವಿಜ್ಞಾನ ಗೊತ್ತಿರಲಿಲ್ಲ. ಆದರೆ ಅವಳ ಬಾಯಲ್ಲಿದ್ದ ಹೆಸರು ನೋಡಿ: ಬಾಣಂತಿ ಸನ್ನಿ. ಆ ಹೆಸರಿಗೊಂದು ಗಡುವಿದೆ. ಬಾಣಂತನ ಮುಗಿಯುತ್ತದೆ, ಸನ್ನಿಯೂ ಇಳಿಯುತ್ತದೆ ಎಂಬ ಭರವಸೆ ಹೆಸರಿನ ಒಳಗೇ ಕೂತಿದೆ. ಚೀಟಿಯ ಮೇಲಿನ ಪದ ನಮ್ಮ ಕಡೆಯ ಕಿವಿಗೆ ‘ಸೈಕೋ’ ಅಂತ ಮಾತ್ರ ಕೇಳಿಸಿತು. ಅದಕ್ಕೆ ಗಡುವಿರಲಿಲ್ಲ. ಅವ್ವನ ಪದ ಕಾಯಿಲೆಯನ್ನು ಒಂದು ಕಾಲಕ್ಕೆ ಕಟ್ಟಿಹಾಕಿತ್ತು, ಚೀಟಿಯ ಪದ ಅದನ್ನು ಹೆಣ್ಣಿನ ಹಣೆಗೆ ಕಟ್ಟಿತು.

ಹಳೆಯ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಬಾಣಂತಿಗೆ ಗಾಳಿ ಸೋಕಿದೆ ಎಂದು ಕತ್ತಲ ಕೋಣೆಗೆ ಕೂಡಿ, ಮೆಣಸಿನಕಾಯಿ ಹೊಗೆ ಹಾಕಿ, ಬೇವಿನ ಬರಲಿನಲ್ಲಿ ಬಾರಿಸಿದ ಊರುಗಳು ನಮ್ಮವೇ. ಅಕ್ಕ ಉಳಿದದ್ದು ಮಾತ್ರೆಯಿಂದ. ಬೇವಿನ ಏಟಿನಿಂದ ಉಳಿಯಲಿಲ್ಲ. ಆದ್ದರಿಂದ ಮನೋವೈದ್ಯಶಾಸ್ತ್ರದ ಮೇಲೆ ನನಗೆ ಹಗೆಯಿಲ್ಲ. ನನ್ನ ಜಗಳ ಇರುವುದು ಹೆಸರಿನ ಜೊತೆ. ಆ ಹೆಸರನ್ನು ಬರೆಯುವ ಕೈ ಯಾರದು, ಅದನ್ನು ಹಿಡಿದು ಬೀಸುವ ಕೈ ಯಾರದು, ಏಟು ಬೀಳುವುದು ಯಾರ ಬೆನ್ನಿಗೆ ಎಂದು ಕೇಳಲು ಈ ಬರಹ.

ನಮ್ಮ ಸೀಮೆಯಲ್ಲಿ ಈ ಹೆಸರುಗಳಿಗೇನು ಬರವೇ? ತಿಕ್ಲು, ಲೂಸು, ಐಲು, ಮೆಂಟ್ಲು. ಯಾರಾದರೂ ಒಮ್ಮೆ ಬೆಂಗಳೂರಿನ ಆ ಆಸ್ಪತ್ರೆಯ ಗೇಟು ದಾಟಿ ಬಂದರೆ ಸಾಯುವ ತನಕ ‘ನಿಮ್ಹಾನ್ಸ್ ಕೇಸು’. ಸಕ್ಕರೆ ಕಾಯಿಲೆಯವನನ್ನು ನಾವು ‘ಸಕ್ಕರೆ’ ಅಂತ ಕರೆಯುವುದಿಲ್ಲ. ಅವನಿಗೆ ಸಕ್ಕರೆ ಕಾಯಿಲೆ ‘ಇದೆ’ ಅನ್ನುತ್ತೇವೆ. ಮನಸ್ಸು ನೊಂದವನು ಮಾತ್ರ ಹುಚ್ಚ ‘ಆಗಿಬಿಡುತ್ತಾನೆ’. ಇರುವುದಕ್ಕೂ ಆಗುವುದಕ್ಕೂ ನಡುವೆ ಒಂದು ಬದುಕೇ ಬಿದ್ದುಹೋಗುತ್ತದೆ.

ಮನೋವೈದ್ಯರು ರೋಗ ಗುರುತಿಸುವುದು ಹೇಗೆಂದು ಎಷ್ಟು ಜನಕ್ಕೆ ಗೊತ್ತು? ಖಿನ್ನತೆಯನ್ನಾಗಲಿ ಸ್ಕಿಜೋಫ್ರೇನಿಯಾವನ್ನಾಗಲಿ ಖಚಿತವಾಗಿ ತೋರಿಸುವ ರಕ್ತಪರೀಕ್ಷೆ ಇವತ್ತಿಗೂ ಇಲ್ಲ, ಎಕ್ಸ್‌ರೇಯೂ ಇಲ್ಲ. ಇರುವುದು ಲಕ್ಷಣಗಳ ಪಟ್ಟಿ ಮತ್ತು ವೈದ್ಯರ ಕಿವಿ. ಮಂಕು, ನಿರಾಸಕ್ತಿ, ನಿದ್ದೆಗೇಡು, ಊಟ ಸೇರದಿರುವುದು, ಬದುಕು ಸಾಕೆನ್ನಿಸುವುದು ಇಂಥ ಹಲವು ಲಕ್ಷಣಗಳು ದಿನದ ಬಹುಹೊತ್ತು, ಕಡಿಮೆಯೆಂದರೆ ಎರಡು ವಾರ ಬಿಡದೆ ಕಾಡಿದ್ದರೆ ಅದಕ್ಕೆ ಖಿನ್ನತೆ ಎನ್ನುತ್ತಾರೆ. ಈ ಹೆಸರು ಬೇಕು. ಹೆಸರಿಲ್ಲದಿದ್ದರೆ ಯಾವ ಮಾತ್ರೆ, ಎಷ್ಟು ದಿನ, ಮುಂದೇನು ಎಂಬುದು ತಿಳಿಯದು. ಆದರೆ ಒಳ್ಳೆಯ ವೈದ್ಯರು ಆ ಹೆಸರನ್ನು ‘ಸದ್ಯಕ್ಕೆ ಹೀಗೆ ಕಾಣುತ್ತಿದೆ’ ಎಂಬ ಎಚ್ಚರದಲ್ಲಿ ಬರೆಯುತ್ತಾರೆ. ಆರು ತಿಂಗಳಿಗೆ ಅದು ಬದಲಾಗಬಹುದು, ಬಿಟ್ಟೂ ಹೋಗಬಹುದು. ಚೀಟಿ ಆಸ್ಪತ್ರೆಯ ಮೆಟ್ಟಿಲಿಳಿದು ಊರಿಗೆ ಬರುವಾಗ ಆ ‘ಸದ್ಯಕ್ಕೆ’ ದಾರಿಯಲ್ಲೇ ಕಳಚಿ ಬೀಳುತ್ತದೆ. ಹೆಸರೊಂದೇ ಮನೆ ಸೇರುತ್ತದೆ.

ಇಂಥ ಹೆಸರುಗಳು ಆಕಾಶದಿಂದ ಇಳಿದವಲ್ಲ. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ‘ಡ್ರೇಪಟೊಮೇನಿಯಾ’ ಎಂಬ ರೋಗ ಕಂಡುಹಿಡಿದ. ಯಾರಿಗೆ ಬರುವ ರೋಗ? ಕಪ್ಪು ಗುಲಾಮರಿಗೆ. ಲಕ್ಷಣ? ಒಡೆಯನ ತೋಟದಿಂದ ತಪ್ಪಿಸಿಕೊಂಡು ಓಡುವುದು. ಸ್ವಾತಂತ್ರ್ಯದ ಹಂಬಲಕ್ಕೇ ರೋಗದ ಪಟ್ಟ ಕಟ್ಟಿ, ಬೆನ್ನಿಗೆ ಬಾರುಕೋಲನ್ನು ಮದ್ದಾಗಿ ಬರೆದುಕೊಟ್ಟ. ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ 1973ರ ತನಕ, ವಿಶ್ವ ಆರೋಗ್ಯ ಸಂಸ್ಥೆ 1990ರ ತನಕ ರೋಗಗಳ ಪಟ್ಟಿಯಲ್ಲೇ ಇಟ್ಟಿದ್ದವು. ಒಂದು ಸಭೆಯ ತೀರ್ಮಾನದಿಂದ ಲಕ್ಷಾಂತರ ಜನ ರೋಗಿಗಳಾಗುತ್ತಾರೆ, ಇನ್ನೊಂದು ಸಭೆಯ ತೀರ್ಮಾನದಿಂದ ವಾಸಿಯಾಗುತ್ತಾರೆ ಎಂದರೆ ಲೇಖನಿ ಹಿಡಿದ ಕೈಯನ್ನು ನಾವು ಪ್ರಶ್ನಿಸಲೇಬೇಕು.

ಅಮೆರಿಕದ ತನಕ ಯಾಕೆ ಹೋಗಬೇಕು? ನಮ್ಮ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಬನ್ನಿ. ಚೆಲುವನಾರಾಯಣನ ಉತ್ಸವಮೂರ್ತಿಯನ್ನು ಮೋಹಿಸಿ, ಅದರ ಹಿಂದೆ ದಿಲ್ಲಿಯಿಂದ ಇಲ್ಲಿಯ ತನಕ ಬಂದಳು ಎಂದು ಜನ ನಂಬುವ ಸುಲ್ತಾನನ ಮಗಳು ಬೀಬಿ ನಾಚ್ಚಿಯಾರ್ ಅಲ್ಲಿ ಪೂಜೆಗೊಳ್ಳುತ್ತಾಳೆ. ಜಾತಿ, ಮತ, ಅರಮನೆ ಎಲ್ಲವನ್ನೂ ಬಿಟ್ಟು ಬಂದ ಹೆಣ್ಣಿಗೆ ಈ ನೆಲ ದೇವರ ಪಾದದಲ್ಲಿ ಜಾಗ ಕೊಟ್ಟಿತು. ಇವತ್ತು ಅದೇ ಸೀಮೆಯಲ್ಲಿ ಹುಡುಗಿಯೊಬ್ಬಳು ಬೇರೆ ಜಾತಿಯ ಹುಡುಗನನ್ನು ಒಪ್ಪಿದೆ ಅಂದರೆ ಮನೆಯವರ ಮೊದಲ ಮಾತು ‘ಇವಳ ತಲೆ ಕೆಟ್ಟದೆ, ಯಾರೋ ಮದ್ದು ಹಾಕವ್ರೆ’. ಮೊದಲು ತಾಯತ, ಆಮೇಲೆ ಡಾಕ್ಟರು. ಇದನ್ನು ತಡೆಯಲೆಂದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಮೂರನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ: ತನ್ನ ಸಮುದಾಯದ ನೀತಿ, ರೂಢಿ, ಧಾರ್ಮಿಕ ನಂಬಿಕೆಗಳಿಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ಅಸ್ವಸ್ಥರೆಂದು ನಿರ್ಧರಿಸುವಂತಿಲ್ಲ. ಹಿಂದೆ ಚಿಕಿತ್ಸೆ ಪಡೆದಿದ್ದರು ಎಂಬ ಕಾರಣ ಒಂದನ್ನೇ ಹಿಡಿದು ಈಗಲೂ ರೋಗಿಯೆನ್ನುವಂತಿಲ್ಲ. ರೋಗವಿದೆ ಎಂದು ವೈದ್ಯರು ಬರೆದ ಮಾತ್ರಕ್ಕೆ ಆ ವ್ಯಕ್ತಿ ಬುದ್ಧಿಸ್ವಾಧೀನವಿಲ್ಲದವರು ಎಂದೂ ಆಗುವುದಿಲ್ಲ, ಅದನ್ನು ನ್ಯಾಯಾಲಯ ಘೋಷಿಸಬೇಕು.

ಹೆಣ್ಣಿನ ವಿಷಯಕ್ಕೆ ಬಂದರೆ ನನ್ನ ಎದೆ ಕುದಿಯುತ್ತದೆ. ಅಕ್ಕನಿಗೆ ಹುಟ್ಟಿದ್ದು ಎರಡನೇ ಹೆಣ್ಣು. ‘ಇದೂ ಹೆಣ್ಣೇನಾ’ ಎಂದು ಅತ್ತೆ ಮುಖ ತಿರುಗಿಸಿದ ದಿನ ಯಾವ ಚೀಟಿಯಲ್ಲೂ ದಾಖಲಾಗಲಿಲ್ಲ. 2023ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಮರುವರ್ಷ ಪಾಂಡವಪುರದಲ್ಲಿ ಆರೋಗ್ಯ ಸಿಬ್ಬಂದಿಯ ವಸತಿಗೃಹದಲ್ಲೇ ಅಂಥ ಕೃತ್ಯ ಸಿಕ್ಕಿಬಿತ್ತು. ಬೆಲ್ಲ ಬೇಯುವ ಜಾಗದಲ್ಲಿ ಹೊಟ್ಟೆ ತೋರಿಸಿ, ಮಗು ಕಳೆದುಕೊಂಡು ಮನೆಗೆ ಬಂದ ಹೆಂಗಸು ರಾತ್ರಿಯೆಲ್ಲ ಅತ್ತರೆ ಅವಳಿಗೆ ಖಿನ್ನತೆ. ಕೊಲ್ಲಿಸಿದವರಿಗೆ ಯಾವ ರೋಗದ ಹೆಸರೂ ಇಲ್ಲ. ಅವರು ಮದುವೆಯಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರುತ್ತಾರೆ.

ಗಂಡಸರನ್ನಾದರೂ ಬಿಟ್ಟಿದೆಯೇ ಈ ಹಣೆಪಟ್ಟಿ? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕು ಸೇರಿ ನಮ್ಮ ಪಾಂಡವಪುರ ಉಪವಿಭಾಗ. ಇಲ್ಲಿ ರೈತ ಆತ್ಮಹತ್ಯೆ ಮಾಡಿಕೊಂಡರೆ ಆ ಸಾವು ಪರಿಹಾರಕ್ಕೆ ‘ಅರ್ಹ’ವೋ ‘ಅನರ್ಹ’ವೋ ಎಂದು ತೀರ್ಮಾನಿಸುವುದು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಸಮಿತಿ. ಸತ್ತ ಮೇಲೂ ಮನುಷ್ಯನಿಗೆ ಪಟ್ಟಿ! 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರ ಮನೆಗಳಲ್ಲಿ ಸಾಲು ಸಾಲು ಸಾವುಗಳಾದವು. ಅದೇ ವರ್ಷ ಪರಿಹಾರ 5 ಲಕ್ಷ ರೂಪಾಯಿಗೆ ಏರಿತು. ಆ ಹಣ ಸಿಗಬೇಕಾದರೆ ಸಾಲಕ್ಕೆ ಕಾಗದ ಬೇಕು. ಊರಿನ ಬಡ್ಡಿ ವ್ಯವಹಾರಕ್ಕೆ ಕಾಗದ ಎಲ್ಲಿಂದ ತರುವುದು? ಇತ್ತ ದೂರಿನಲ್ಲೂ ಪತ್ರಿಕೆಯಲ್ಲೂ ಎರಕ ಹೊಯ್ದಂಥ ವಾಕ್ಯಗಳು: ‘ಜೀವನದಲ್ಲಿ ಜಿಗುಪ್ಸೆಗೊಂಡು’, ‘ಹೊಟ್ಟೆನೋವು ತಾಳಲಾರದೆ’, ‘ಮಾನಸಿಕ ಖಿನ್ನತೆಗೆ ಒಳಗಾಗಿ’.

ಇದರ ಬೇರು ಹಳೆಯದು. ರೈತರ ಆತ್ಮಹತ್ಯೆಗಳನ್ನು ಅಧ್ಯಯನ ಮಾಡಲು ಸರ್ಕಾರ ನೇಮಿಸಿದ್ದ ಜಿ.ಕೆ. ವೀರೇಶ್ ಸಮಿತಿ 2002ರಲ್ಲಿ ಕೊಟ್ಟ ವರದಿ ಸಾಲವನ್ನು ಹಿಂದಕ್ಕೆ ತಳ್ಳಿ ಕುಡಿತ, ಸಂಸಾರದ ಕಲಹ, ಖಿನ್ನತೆಗಳನ್ನು ಮುಂದಕ್ಕೆ ತಂದಿತು. ಸತ್ತವರಲ್ಲಿ ಖಿನ್ನತೆ ಇರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಇತ್ತು. ಕಬ್ಬು ಕಡಿಯದೆ ಗದ್ದೆಯಲ್ಲೇ ಒಣಗುವಾಗ, ಬಾಕಿ ಹಣ ಬಾರದಿರುವಾಗ, ಕೊಳವೆಬಾವಿಯಲ್ಲಿ ಬರೀ ಗಾಳಿ ಬರುವಾಗ, ಮಗಳ ಮದುವೆ ಮುಂದಿರುವಾಗ ಯಾರ ನಿದ್ದೆ ಉಳಿದೀತು? ಆ ಮನಸ್ಸಿಗೆ ಚಿಕಿತ್ಸೆ ಕೊಡಲೇಬೇಕು. ಆದರೆ ಬದುಕಿದ್ದಾಗ ಅವನ ಖಿನ್ನತೆಗೆ ಒಂದು ಮಾತ್ರೆಯನ್ನೂ ಒಂದು ಒಳ್ಳೆಯ ಮಾತನ್ನೂ ಕೊಡದ ವ್ಯವಸ್ಥೆ, ಸತ್ತ ಮೇಲೆ ಅದೇ ಖಿನ್ನತೆಯನ್ನು ತೋರಿಸಿ ಕೈ ತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಬರ, ಬೆಲೆ, ಬಡ್ಡಿ ಮೂರೂ ಸೇರಿ ಮಾಡಿದ ಗಾಯಕ್ಕೆ ಗಾಯಗೊಂಡವನ ತಲೆಯನ್ನೇ ಹೊಣೆ ಮಾಡುವುದು ಅನ್ಯಾಯ.

ಹಣೆಪಟ್ಟಿ ಬಿದ್ದ ಮೇಲೆ ಏನಾಗುತ್ತದೆ ಎಂಬುದನ್ನು ಮೂವತ್ತು ವರ್ಷ ಹತ್ತಿರದಿಂದ ನೋಡಿದ್ದೇನೆ. ಅಕ್ಕ ಏಳು ತಿಂಗಳಿಗೆ ಪೂರ್ತಿ ಚೇತರಿಸಿಕೊಂಡಳು. ರೇಷ್ಮೆ ಹುಳ ಸಾಕಿದಳು, ಎರಡು ಹಸು ಕಟ್ಟಿದಳು, ಮಗಳನ್ನು ಓದಿಸಿದಳು. ಆದರೆ ಜಮೀನು ಪಾಲಾಗುವಾಗ ತನ್ನ ಪಾಲು ಕೇಳಿ ದನಿ ಏರಿಸಿದ ದಿನ ನಮ್ಮ ಮನೆಯವರೇ ಒಬ್ಬರು ‘ಮಾತ್ರೆ ತಗಂಡ್ಯಾ?’ ಅಂದರು. ನ್ಯಾಯವಾದ ಸಿಟ್ಟೂ ಅವಳ ಪಾಲಿಗೆ ರೋಗದ ಲಕ್ಷಣವಾಯಿತು. ಅತ್ತರೆ ಖಿನ್ನತೆ, ನಕ್ಕರೆ ಮರುಕಳಿಸಿದೆ, ಸುಮ್ಮನಿದ್ದರೆ ‘ಏನೋ ಯೋಚ್ನೆ ಮಾಡ್ತಾವ್ಳೆ, ನೋಡ್ಕಳಿ’. ಒಮ್ಮೆ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದವಳನ್ನು ಆಸ್ಪತ್ರೆಗೆ ಕರೆದೊಯ್ದಾಗ, ಹಳೆಯ ಚೀಟಿ ನೋಡಿದ ವೈದ್ಯರೊಬ್ಬರು ‘ಇದು ಮನಸ್ಸಿಂದು’ ಎಂದು ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ನಾಲ್ಕು ದಿನದ ಮೇಲೆ ಇನ್ನೊಂದು ಕಡೆ ಪಿತ್ತಕೋಶದ ಕಲ್ಲು ಸಿಕ್ಕಿತು. ಹಣೆಪಟ್ಟಿ ಕಣ್ಣಿಗೆ ಅಡ್ಡ ಬಂದರೆ ಓದಿದವರಿಗೂ ದೇಹ ಕಾಣುವುದಿಲ್ಲ.

ಕಾನೂನು ಯಾವತ್ತೋ ಕಣ್ಣು ತೆರೆದಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯನ್ನು ವಿಚ್ಛೇದನಕ್ಕೆ ಕಾರಣವಾಗಿ ಹೇಳಿದೆ, ನಿಜ. ಆದರೆ 1988ರಲ್ಲೇ ಸುಪ್ರೀಂ ಕೋರ್ಟಿನ ಪೀಠ, ಅದರಲ್ಲಿ ನಮ್ಮ ನಾಡಿನ ಎಂ.ಎನ್. ವೆಂಕಟಾಚಲಯ್ಯನವರೂ ಇದ್ದರು, ಸ್ಕಿಜೋಫ್ರೇನಿಯಾ ಎಂದು ಹೆಸರಿಟ್ಟ ಮಾತ್ರಕ್ಕೆ ಮದುವೆ ಮುರಿಯಲಾಗದು, ಜೊತೆಗೆ ಬಾಳುವುದು ಅಸಾಧ್ಯವೆನ್ನುವಷ್ಟು ತೀವ್ರವಾಗಿದೆಯೆಂದು ಸಾಬೀತುಪಡಿಸಬೇಕು ಎಂದು ತೀರ್ಪಿತ್ತಿತು. ಅದಾಗಿ ಎಂಟು ವರ್ಷದ ಮೇಲೆ ನಮ್ಮಕ್ಕನ ಬಾಳನ್ನು ಅರಳಿಕಟ್ಟೆ ಒಂದು ಗಂಟೆಯಲ್ಲಿ ಮುರಿಯಿತು. ದಿಲ್ಲಿಯ ಕೋರ್ಟಿಗೆ ಸಾಕಾಗದ ಚೀಟಿ ನಮ್ಮ ಹಳ್ಳಿಯಲ್ಲಿ ಸಾಕಾಯಿತು.

ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರು ಕೋಟೆಯೊಳಗಿನ ಬೈಲಿ ಬಂದೀಖಾನೆಗೆ ಇಳಿಯುತ್ತಾರೆ. ಕೈದಿಗಳನ್ನು ಸರಪಳಿಯಿಂದ ಬಿಗಿಯಲು ಗೋಡೆಯಿಂದ ಚಾಚಿರುವ ತೂತಿನ ಕಲ್ಲುಗಳನ್ನು ನೋಡಿ ‘ಅಯ್ಯೋ’ ಅನ್ನುತ್ತಾರೆ. ಆ ಕಲ್ಲುಗಳು ಖಾಲಿಯಾಗಿ ಎರಡು ಶತಮಾನ ದಾಟಿದೆ. ಮನಸ್ಸು ನೊಂದವರ ಕಾಲಿನ ಸರಪಳಿ ಮಾತ್ರ ಈ ದೇಶದಲ್ಲಿ ಪೂರ್ತಿ ಕಳಚಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿದ್ದ ರೋಗಿಗಳು ಬೆಂಕಿ ಬಿದ್ದಾಗ ಓಡಲಾರದೆ ಸುಟ್ಟುಹೋದರು. 28 ಜೀವ. 2017ರ ಕಾಯ್ದೆ ಯಾವ ರೂಪದಲ್ಲೂ ಸರಪಳಿ ಹಾಕಕೂಡದು ಎನ್ನುತ್ತದೆ. ನಮ್ಮ ಹಟ್ಟಿಯ ಹಿಂದಿನ ಕೋಣೆಗೆ, ಹೊರಗಿನಿಂದ ಹಾಕಿದ ಅಗುಳಿಗೆ ಆ ಕಾಯ್ದೆಯನ್ನು ಓದಿ ಹೇಳುವವರು ಯಾರು?

ಹಳ್ಳಿಯಲ್ಲೇ ಚಿಕಿತ್ಸೆ ಕೊಡಲು ಆಗುವುದಿಲ್ಲವೇ? ಆಗುತ್ತದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ನಾಗಮಂಗಲದ ಗಡಿಗೆ ತಾಗಿದ ತುರುವೇಕೆರೆಯಲ್ಲಿ, ಅತ್ತ ತೀರ್ಥಹಳ್ಳಿಯಲ್ಲಿ, ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲೇ ಹುಡುಕಿ ಸ್ಥಳೀಯ ಆರೋಗ್ಯ ವ್ಯವಸ್ಥೆಯ ಜೊತೆ ಸೇರಿ ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟು ತೋರಿಸಿದ್ದಾರೆ. ಬೆಂಗಳೂರಿಗೆ ಹೋಗದೆ, ಮನೆ ಬಿಡದೆ, ಬೇಸಾಯ ಮಾಡಿಕೊಂಡೇ ಚೇತರಿಸಿಕೊಳ್ಳುವ ದಾರಿ ನಮ್ಮ ಬಗಲಲ್ಲೇ ಇದೆ. ಆದರೂ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದೇನು? ಒಂದೊಂದು ಕಾಯಿಲೆಯಲ್ಲೂ ಚಿಕಿತ್ಸೆಯೇ ಸಿಗದವರು ನೂರಕ್ಕೆ 70ರಿಂದ 92 ಜನ. ಹಣೆಪಟ್ಟಿ ಎಲ್ಲರಿಗೂ ಸಿಗುತ್ತದೆ, ಮಾತ್ರೆ ಕೆಲವರಿಗೆ.

ಇನ್ನೊಂದು ಕ್ರೌರ್ಯ ಕೇಳಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ. ಸೌಲಭ್ಯ ಬೇಕಾದರೆ 40ಕ್ಕೆ ಕಡಿಮೆಯಿಲ್ಲದ ಶೇಕಡಾವಾರು ಬರೆದ ಪ್ರಮಾಣಪತ್ರ ಬೇಕು. ಪತ್ರ ತೋರಿಸಿದರೆ ಮಾಸಾಶನ, ಅದೇ ಪತ್ರ ಕಂಡರೆ ಮಗಳಿಗೆ ಸಂಬಂಧ ಬರುವುದಿಲ್ಲ. ಹೊಟ್ಟೆಗೆ ಬೇಕಾದರೆ ಮಾನ ಒತ್ತೆಯಿಡು ಎಂದರೆ ಬಡವರು ಏನು ಮಾಡಬೇಕು?

ಕೆ.ಆರ್.ಪೇಟೆಯ ನನ್ನ ಜನರೇ, 2020ರ ಮೇ ತಿಂಗಳನ್ನು ನೆನೆಯಿರಿ. ಹೊಟ್ಟೆಪಾಡಿಗೆ ಮುಂಬೈಗೆ ಹೋಗಿದ್ದ ನಮ್ಮದೇ ಮಕ್ಕಳು ಕೊರೊನಾ ಕಾಲದಲ್ಲಿ ಊರಿಗೆ ಮರಳಿದಾಗ ‘ಮುಂಬೈನವರು’ ಎಂಬ ಒಂದೇ ಪದ ಅವರನ್ನು ಊರ ಹೊರಗೆ ನಿಲ್ಲಿಸಿತು. ಗಂಟಲಲ್ಲಿ ವೈರಾಣು ಇದೆಯೋ ಇಲ್ಲವೋ ಯಾರೂ ಕೇಳಲಿಲ್ಲ. ನೀರು ಕೊಡಲು ಹಿಂಜರಿದ ನೆರೆಮನೆಯವರ ಮುಖ ನಿಮಗೆ ಮರೆತಿಲ್ಲ. ಹದಿನಾಲ್ಕು ದಿನಕ್ಕೆ ಮುಗಿದ ಆ ನೋವನ್ನು ಮನಸ್ಸು ನೊಂದವರು ಜನ್ಮವಿಡೀ ಹೊರುತ್ತಾರೆ.

ಆದ್ದರಿಂದ ಕೇಳುತ್ತಿದ್ದೇವೆ. ಭಿಕ್ಷೆಯಾಗಿ ಬೇಡ, ಹಕ್ಕಾಗಿ ಕೊಡಿ. ವೈದ್ಯರೇ, ನೀವು ಬರೆಯುವ ಪದವನ್ನು ನಮ್ಮೆದುರು ಕನ್ನಡದಲ್ಲಿ ಬಿಡಿಸಿ ಹೇಳಿ: ಇದು ಏನು, ಎಷ್ಟು ದಿನ, ಹೇಗೆ ಇಳಿಯುತ್ತದೆ ಎಂದು. ಕೌಂಟರಿನಲ್ಲಿ ಹತ್ತು ಜನರ ಮುಂದೆ ರೋಗದ ಹೆಸರು ಕೂಗಬೇಡಿ, ಗೋಪ್ಯತೆ 2017ರ ಕಾಯ್ದೆ ಕೊಟ್ಟ ಹಕ್ಕು. ಕಾಯಿಲೆ ಇಳಿದಾಗ ‘ಇಳಿದಿದೆ’ ಎಂದು ಅಷ್ಟೇ ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಹೆಸರೇ ಗಾಯ ಮಾಡುತ್ತಿದ್ದರೆ ಹೆಸರನ್ನೇ ಬದಲಿಸಿ. ಸ್ಕಿಜೋಫ್ರೇನಿಯಾದ ಹಳೆಯ ಹೆಸರು ರೋಗಿಗಳನ್ನು ಅವಮಾನಿಸುತ್ತದೆ ಎಂದು ಜಪಾನ್ 2002ರಲ್ಲಿ ಅದನ್ನು ಬದಲಿಸಿತು. ಸರ್ಕಾರವೇ, ತಾಲ್ಲೂಕು ಆಸ್ಪತ್ರೆಗೆ ಗೊತ್ತಾದ ಮಂಗಳವಾರ ಮನೋವೈದ್ಯರು ಬರಬೇಕೆಂಬ ಮನೋಚೈತನ್ಯ ಕಾರ್ಯಕ್ರಮ ಕಾಗದದ ಮೇಲೆ ಉಳಿಯಬಾರದು. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ ಎಂಬುದನ್ನು ಪ್ರತಿ ಡೇರಿಯ ಗೋಡೆಯ ಮೇಲೆ ಬರೆಸಿ. ರೈತನ ಸಾವಿನ ಕಡತದಲ್ಲಿ ಖಿನ್ನತೆ ಎಂದು ಬರೆಯುವ ಕೈ ಅದರ ಪಕ್ಕದಲ್ಲೇ ಅವನ ಬಾಕಿ, ಬಡ್ಡಿ, ಬೆಲೆಗಳನ್ನೂ ಬರೆಯಲಿ. ಊರಿನ ಯಜಮಾನರೇ, ಓದಲು ಬಾರದ ಚೀಟಿಯನ್ನು ಹಿಡಿದು ತೀರ್ಪು ಕೊಡುವ ಅಧಿಕಾರ ನಿಮಗೆ ಯಾರೂ ಕೊಟ್ಟಿಲ್ಲ.

ಹೋದ ವರ್ಷ ನಮ್ಮೂರಿನ ಕೆಳಗಿನ ಬೀದಿಯಲ್ಲಿ ಒಬ್ಬ ಬಾಣಂತಿ ಹನ್ನೊಂದನೇ ದಿನ ಕೂಸನ್ನು ಮುಟ್ಟಲೊಲ್ಲದೆ ಗೋಡೆಯ ಜೊತೆ ಮಾತಾಡತೊಡಗಿದಳು. ಮನೆಯವರು ಬಾಗಿಲು ಹಾಕಿ ಒಳಗೇ ಗುಟ್ಟು ಮಾಡಿದರು. ಸುದ್ದಿ ಕಿವಿಗೆ ಬಿದ್ದದ್ದೇ, ಡೇರಿಗೆ ಹಾಲು ಹಾಕಿ ಬರುತ್ತಿದ್ದ ನಮ್ಮಕ್ಕ ಖಾಲಿ ಕ್ಯಾನು ಹಿಡಿದುಕೊಂಡೇ ಆ ಮನೆಗೆ ಹೋಗಿ ಬಾಗಿಲು ಬಡಿದಳು. ಮೂವತ್ತು ವರ್ಷ ಬಾಯಿ ಬಿಡದವಳು ಬೀದಿಯ ಹೆಂಗಸರೆಲ್ಲ ಕೇಳುವ ಹಾಗೆ ಹೇಳಿದಳು: ‘ಬಾಗ್ಲು ತೆಗೀರಿ. ಇದು ಬಾಣಂತಿ ಸನ್ನಿ. ಈಗ್ಲೇ ಆಸ್ಪತ್ರೆಗೆ ಕರ್ಕಂಡ್ ಹೋಗಣ, ವಾಸಿಯಾಯ್ತದೆ. ನಂಗೂ ಆಗಿತ್ತು.’

ಬಾಗಿಲು ತೆರೆಯಿತು.